ನಿದ್ರೆಯ ನೆಲೆ: ಒಂದು ಶೋಧನೆಯ ಇತಿಹಾಸ

ಎಚ್ಚರ, ಕನಸು, ಗಾಢನಿದ್ರೆ ಎಂಬ ಅವಸ್ಥಾತ್ರಯದ ವಿಚಾರ ನಮ್ಮ ದರ್ಶನಗಳಿಗೆ ಹೊಸತಲ್ಲ. ಆದರೆ ಒಂದು ಅವಸ್ಥೆಯಿಂದ ಇನ್ನೊಂದಕ್ಕೆ ದಾಟುವಾಗ ಮಿದುಳಿನಲ್ಲಿ ನಡೆಯುವುದೇನೆಂಬ ಪ್ರಶ್ನೆಗೆ ಪ್ರಯೋಗಸಿದ್ಧವಾದ ಉತ್ತರ ದೊರೆಯತೊಡಗಿದುದು ಇಪ್ಪತ್ತನೆಯ ಶತಮಾನದಲ್ಲಿ. ಬೆಳಕು, ಶಬ್ದ, ಸ್ಪರ್ಶಗಳು ಅಡಗಿದಾಗ ಮಿದುಳು ತಾನಾಗಿ ಸುಮ್ಮನಾಗುವುದೇ ನಿದ್ರೆ ಎಂಬ ಅಭಿಪ್ರಾಯಕ್ಕೆ ಆ ಕಾಲದಲ್ಲಿ ಹೆಚ್ಚಿನ ಮನ್ನಣೆಯಿದ್ದಿತು. ಅದು ಹೇಗೆ ಸಡಿಲಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮೊದಲನೆಯ ಮಹಾಯುದ್ಧದ ನಡುವೆ ವಿಯೆನ್ನಾ ನಗರದಲ್ಲಿ ವಿಚಿತ್ರವಾದೊಂದು ವ್ಯಾಧಿ ಕಾಣಿಸಿಕೊಂಡಿತು. ರೋಗಿಗಳು ಉಣ್ಣುತ್ತಿರುವಾಗಲೇ ನಿದ್ದೆಹೋಗುತ್ತಿದ್ದರು. ಎಬ್ಬಿಸಿದರೆ ಸರಿಯಾಗಿ ಉತ್ತರಿಸಿ ಮರಳಿ ನಿದ್ರಿಸುತ್ತಿದ್ದರು. ಅನೇಕರು ಮಡಿದರು, ಉಳಿದವರಲ್ಲಿ ಬಹುಮಂದಿ ಮುಂದೆ ಕಂಪವಾತದಂತಹ ಜಡತೆಗೆ ಈಡಾದರು. 1917ರಲ್ಲಿ ಇದನ್ನು ವರ್ಣಿಸಿ ‘ಎನ್‌ಸೆಫಲೈಟಿಸ್ ಲೆತಾರ್ಜಿಕಾ’ ಎಂದು ಹೆಸರಿಟ್ಟವರು ಕಾನ್‌ಸ್ಟಾಂಟಿನ್ ಫಾನ್ ಎಕಾನಮೊ.

ಅವರ ಹಿರಿಮೆ ಹೆಸರಿಟ್ಟುದರಲ್ಲಿಲ್ಲ. ಕೆಲವು ರೋಗಿಗಳಿಗೆ ಇದಕ್ಕೆ ವಿಪರೀತವಾಗಿ ನಿದ್ರೆಯೇ ಬರುತ್ತಿರಲಿಲ್ಲ. ಇಂತಹವರನ್ನು ಅಪವಾದವೆಂದು ಅವರು ಬದಿಗಿಡಲಿಲ್ಲ. ಮೃತರ ಮಿದುಳುಗಳನ್ನು ಹೋಲಿಸಿದಾಗ, ನಿದ್ರಾಳುಗಳಲ್ಲಿ ಹೈಪೊಥಲಮಸ್ಸಿನ ಹಿಂಭಾಗವೂ ಮಧ್ಯಮಿದುಳೂ ಕೂಡುವ ಎಡೆ, ನಿದ್ರಾಹೀನರಲ್ಲಿ ಹೈಪೊಥಲಮಸ್ಸಿನ ಮುಂಭಾಗ ಕೆಟ್ಟಿದ್ದುದು ಕಂಡುಬಂದಿತು. ಹಿಂದಿನ ನೆಲೆ ಎಚ್ಚರವನ್ನೂ ಮುಂದಿನ ನೆಲೆ ನಿದ್ರೆಯನ್ನೂ ಉಂಟುಮಾಡುವುದೆಂದು ಅವರು ತರ್ಕಿಸಿದರು. ಹಾಗಾದರೆ ನಿದ್ರೆ ಎಚ್ಚರದ ಅಭಾವವಲ್ಲ. ಮಿದುಳು ನಡೆಸುವ ಕಾರ್ಯ.

ಆದರೂ ಹಳೆಯ ಮತ ಬೇಗನೆ ಅಳಿಯಲಿಲ್ಲ. 1935ರಲ್ಲಿ ಬೆಲ್ಜಿಯಮ್ಮಿನ ಬ್ರೆಮರ್ ಅವರು ಬೆಕ್ಕಿನ ಮಧ್ಯಮಿದುಳನ್ನು ಅಡ್ಡಲಾಗಿ ಕತ್ತರಿಸಿದಾಗ ಮೇಲ್ಮಿದುಳಿನ ವಿದ್ಯುದಲೆಗಳು ನಿದ್ರೆಯ ಲಕ್ಷಣವನ್ನು ತೋರಿದವು. ಇಂದ್ರಿಯಗಳ ವಾರ್ತೆ ನಿಂತುದೇ ಇದಕ್ಕೆ ಕಾರಣವೆಂದು ಅವರು ಭಾವಿಸಿದರು. 1949ರಲ್ಲಿ ಮೊರುಜ್ಜಿ ಮತ್ತು ಮಾಗೂನ್ ಅವರು ಮಿದುಳಕಾಂಡದ ಜಾಲರೂಪದ ನರಪ್ರದೇಶವನ್ನು ವಿದ್ಯುತ್ತಿನಿಂದ ಕೆರಳಿಸಲು, ನಿದ್ರೆಯ ಮಂದ ಅಲೆಗಳು ಎಚ್ಚರದ ಕ್ಷಿಪ್ರ ಅಲೆಗಳಾದವು. ಎಚ್ಚರಕ್ಕೆ ತನ್ನದೇ ನರಮಾರ್ಗವಿದೆಯೆಂದು ಇದರಿಂದ ಸಿದ್ಧವಾಯಿತು.

ನಿದ್ರೆಯ ಮಾರ್ಗ ಸ್ಪಷ್ಟವಾಗಲು ಇನ್ನೂ ಅರ್ಧಶತಮಾನ ಬೇಕಾಯಿತು. 1996ರಲ್ಲಿ ಸೇಪರ್ ಮತ್ತು ಅವರ ಸಹೋದ್ಯೋಗಿಗಳು, ಇಲಿಗಳು ನಿದ್ರಿಸುವಾಗ ಹೈಪೊಥಲಮಸ್ಸಿನ ಮುಂಭಾಗದ ಸಣ್ಣದೊಂದು ನರಕೋಶಸಮೂಹ ಚುರುಕಾಗುವುದನ್ನೂ, ಅದರ ತಂತುಗಳು ಹಿಂಭಾಗದ ಎಚ್ಚರಿಸುವ ಕೋಶಗಳನ್ನು ಮುಟ್ಟುವುದನ್ನೂ ಪ್ರಕಟಿಸಿದರು. ಈ ಎರಡು ಪಕ್ಷಗಳೂ ಒಂದನ್ನೊಂದು ತಡೆಯುತ್ತವೆ. ಒಂದು ಮೇಲಾದೊಡನೆ ಇನ್ನೊಂದು ಅಡಗುವುದರಿಂದ, ದೀಪದ ಸ್ವಿಚ್ಚು ನಡುವೆ ನಿಲ್ಲದಂತೆ, ನಾವು ಅರೆಎಚ್ಚರದಲ್ಲಿ ಬಹುಕಾಲ ಉಳಿಯದೆ ಅತ್ತ ಅಥವಾ ಇತ್ತ ದಾಟುತ್ತೇವೆ. ಎಚ್ಚರದ ಪಕ್ಷವನ್ನು ಸ್ಥಿರವಾಗಿ ಹಿಡಿದಿಡುವುದು 1998ರಲ್ಲಿ ಪತ್ತೆಯಾದ ಒರೆಕ್ಸಿನ್ ಎಂಬ ದ್ರವ್ಯ. ಹಗಲಿನಲ್ಲಿ ತಡೆಯಲಾರದ ನಿದ್ರೆ ಎರಗುವ ನಾರ್ಕೊಲೆಪ್ಸಿ ರೋಗಿಗಳ ಮಿದುಳಿನಲ್ಲಿ ಇದನ್ನು ತಯಾರಿಸುವ ಕೋಶಗಳು ಬಹುಪಾಲು ನಶಿಸಿರುವುದು 2000ದಲ್ಲಿ ತಿಳಿದುಬಂದಿತು. ಸೋಮಾರಿಗಳೆಂದು ನಿಂದೆಗೊಳಗಾದವರ ದೋಷ ಶೀಲದ್ದಲ್ಲ, ನರರಚನೆಯದೆಂದು ಹೀಗೆ ಸ್ಥಿರಪಟ್ಟಿತು.

ಎಕಾನಮೊ 1931ರಲ್ಲೇ ನಿಧನರಾದುದರಿಂದ ಇದಾವುದನ್ನೂ ಕಾಣಲಿಲ್ಲ. ನಿದ್ದೆಹೋದ ಬಹುಸಂಖ್ಯಾತರನ್ನು ಮಾತ್ರ ಅವರು ಎಣಿಸಿದ್ದರೆ, ವಾರ್ಡಿನಲ್ಲಿ ಎಚ್ಚರವಾಗಿಯೇ ಇದ್ದ ಕೆಲವರ ಸಾಕ್ಷ್ಯ ಅವರೊಡನೆ ಮಣ್ಣಾಗುತ್ತಿದ್ದಿತು.