ಅಗ್ಗದ ಹೆಡ್‌ಫೋನಿನ ಕಥೆ



ಹೊರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಫೋನ್ ಮಾಡಿ, "ಸರ್, ನಿಮಗೊಂದು ಒಳ್ಳೆಯ ಹೆಡ್‌ಫೋನ್ ಕಳುಹಿಸುತ್ತೇನೆ, ಬೇಡ ಅನ್ನಬೇಡಿ" ಎಂದ. ನಮ್ಮ ಮನೆಯವರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ನಿದ್ರೆ ಬಹಳ ತೆಳುವಾಗಿದೆ. ರಾತ್ರಿ ಹತ್ತು ಗಂಟೆಗೆ ನಾನು ಕೇಳುತ್ತಿದ್ದ ವೀಣೆ ನಿಂತು ನಾಲ್ಕು ತಿಂಗಳಾಯಿತೆಂದು ಅವನಲ್ಲಿ ಹೇಳಿಕೊಂಡಿದ್ದೆ. ಬೆಲೆ ವಿಚಾರಿಸಿದೆ. ನಿವೃತ್ತಿಯ ವರ್ಷದ ನನ್ನ ಮೂರು ತಿಂಗಳ ಸಂಬಳ! ಬೇಡವೆಂದೆ, ಅವನು ಬೇಸರಪಟ್ಟುಕೊಂಡ. ಸಂಕೋಚದಿಂದ ಬೇಡವೆಂದದ್ದಲ್ಲ ಎಂದು ವಿವರಿಸಬೇಕಾದರೆ ಸ್ವಲ್ಪ ಇತಿಹಾಸ ಹೇಳಲೇಬೇಕು. ಚರಿತ್ರೆಯ ಮೇಷ್ಟ್ರಿಗೆ ಬೇರೆ ದಾರಿ ತಿಳಿಯದು.

ಹೆಡ್‌ಫೋನ್ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ಟೆಲಿಫೋನ್ ವಿನಿಮಯ ಕೇಂದ್ರದವರಿಗೆ ಎರಡೂ ಕೈಗಳು ಬಿಡುವಾಗಿರಬೇಕಿತ್ತು. ಹಡಗಿನ ನಿಸ್ತಂತು ಕೊಠಡಿಯಲ್ಲಿ ಕುಳಿತವನಿಗೆ ಕ್ಷೀಣ ಸಂಕೇತಗಳು ಕೇಳಿಸಬೇಕಿತ್ತು. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್ ತನ್ನ ಅಡುಗೆಮನೆಯಲ್ಲಿ ತಯಾರಿಸಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆ ಮೆಚ್ಚಿತು. ಅಡುಗೆಮನೆಯ ಕಾರ್ಖಾನೆಯಾದ್ದರಿಂದ ಒಮ್ಮೆಗೆ ಕೆಲವನ್ನಷ್ಟೇ ಮಾಡಿಕೊಡಬಲ್ಲವನಾಗಿದ್ದನಂತೆ.

1960ರ ದಶಕದಲ್ಲಿ, ಹೈಸ್ಕೂಲು ಹುಡುಗನಾಗಿದ್ದಾಗ, ಗುಜರಿ ಅಂಗಡಿಯಿಂದ ನಾನು ತಂದದ್ದೂ ಇದೇ ವಂಶದ್ದು. ಒಂದು ಅಯಸ್ಕಾಂತ, ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ, ಎದುರಿಗೆ ತೆಳು ಕಬ್ಬಿಣದ ಬಿಲ್ಲೆ. ಬ್ಯಾಟರಿಯೇ ಬೇಡದ ಕ್ರಿಸ್ಟಲ್ ರೇಡಿಯೊಗೆ ಅದನ್ನು ಜೋಡಿಸಿ, ಮಾಳಿಗೆಯ ಮೇಲೆ ಏರಿಯಲ್ ಕಟ್ಟಿ, ಬೆಂಗಳೂರು ಆಕಾಶವಾಣಿ ಕೇಳುತ್ತಿದ್ದೆ. ವಾರ್ತೆ ಸ್ಪಷ್ಟ, ಮೃದಂಗ ಮಾತ್ರ ತಗಡಿನ ಡಬ್ಬ ಬಡಿದಂತೆ. ಅರ್ಧ ಗಂಟೆಯಲ್ಲಿ ಕಿವಿ ಕೆಂಪಗಾಗುತ್ತಿತ್ತು.

ಧ್ವನಿವರ್ಧಕದ ತತ್ವವನ್ನೇ ಚಿಕ್ಕದಾಗಿಸಿ, ಹಗುರವಾದ ಪೊರೆಗೆ ಸುರುಳಿಯನ್ನು ಅಂಟಿಸಿದ ಹೆಡ್‌ಫೋನನ್ನು ಜರ್ಮನಿಯ ಬೇಯರ್ ಸಂಸ್ಥೆ 1937ರಲ್ಲಿ ತಂದಿತು. ಮನೆಯಲ್ಲಿ ಸಂಗೀತ ಕೇಳುವವರ ಕೈಗೆ ಹೆಡ್‌ಫೋನ್ ಬಂದದ್ದು 1958ರಲ್ಲಿ, ಮಿಲ್ವಾಕಿ ನಗರದ ಜಾನ್ ಕಾಸ್ ಮೂಲಕ. ಆತ ಜನರಿಗೆ ತೋರಿಸಬೇಕೆಂದಿದ್ದುದು ಎತ್ತಿಕೊಂಡು ಹೋಗಬಹುದಾದ ಗ್ರಾಮಫೋನನ್ನು. ಜನ ಗ್ರಾಮಫೋನ್ ಬಿಟ್ಟು ಜೊತೆಗಿದ್ದ ಹೆಡ್‌ಫೋನಿಗೆ ಮುಗಿಬಿದ್ದರು. 1968ರ ಸೆನ್‌ಹೈಸರ್ ಎಚ್‌ಡಿ 414 ಇನ್ನೊಂದು ಹೆಜ್ಜೆ: ಹಿಂಬದಿ ತೆರೆದಿರುವ, ಹಳದಿ ಸ್ಪಂಜಿನ ಮೆತ್ತೆಯ ಹೆಡ್‌ಫೋನ್. ಒಳಗಿನ ನಾದ ಹೊರಗೂ ಹೋಗುತ್ತದೆ, ಹೊರಗಿನ ಸದ್ದು ಒಳಗೂ ಬರುತ್ತದೆ. ಆದರೆ ಹಾಡು ತಲೆಯೊಳಗೆ ಸಿಕ್ಕಿಕೊಂಡಂತೆ ಅನ್ನಿಸುವುದಿಲ್ಲ.

1979ರ ಜುಲೈ 1ರಂದು ಜಪಾನಿನಲ್ಲಿ ಸೋನಿ ವಾಕ್‌ಮನ್ ಮಾರಾಟಕ್ಕೆ ಬಂದಿತು. ಎಲ್ಲರೂ ಹೊಗಳುವುದು ಆ ನೀಲಿ ಪೆಟ್ಟಿಗೆಯನ್ನು. ನನ್ನ ದೃಷ್ಟಿಯಲ್ಲಿ ನಿಜವಾದ ಕ್ರಾಂತಿ ಅದರ ಜೊತೆಗೆ ಕೊಟ್ಟ ಹೆಡ್‌ಫೋನಿನದು. ಅಲ್ಲಿಯವರೆಗೆ 300–400 ಗ್ರಾಂ ತೂಗುತ್ತಿದ್ದ ವಸ್ತು ಸುಮಾರು 50 ಗ್ರಾಮಿಗೆ ಇಳಿದಿತ್ತು. ಚಿಕ್ಕದಾದರೂ ಬಲವಾದ ಹೊಸ ಬಗೆಯ ಅಯಸ್ಕಾಂತಗಳಿಂದ ಅದು ಸಾಧ್ಯವಾಯಿತು. 1980ರ ದಶಕದಲ್ಲಿ ಇನ್ನೂ ಬಲವಾದ ನಿಯೋಡಿಮಿಯಂ ಅಯಸ್ಕಾಂತವೂ ಬಂದಿತು. ಅಗ್ಗದ ಹೆಡ್‌ಫೋನ್ ಕೇಳುವಂತಾದದ್ದು ಹೀಗೆ. ಕಾಸ್ ಸಂಸ್ಥೆ 1984ರಲ್ಲಿ ತಂದ ಪೋರ್ಟಾ ಪ್ರೊ ಹೆಚ್ಚು ಬದಲಾಗದೆ ಇಂದಿಗೂ ಮಾರಾಟವಾಗುತ್ತಿದೆ. ನಲವತ್ತು ವರ್ಷ ಹಳೆಯ ವಿನ್ಯಾಸ, ಸಾಧಾರಣ ಬೆಲೆ; ಆದರೂ ತಿಳಿದವರು ಇಂದಿಗೂ ಕೊಳ್ಳುತ್ತಾರೆ.

ಇಲ್ಲೊಂದು ತಪ್ಪೊಪ್ಪಿಗೆ. 1980ರ ದಶಕದ ಕೊನೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ, ದುಬೈನಿಂದ ಅವನ ಮಾವ ತಂದಿದ್ದ ವಾಕ್‌ಮನ್ ಶಾಲೆಗೆ ತಂದ. ಕಸಿದುಕೊಂಡು ಬೀರುವಿನಲ್ಲಿಟ್ಟೆ. ಪರೀಕ್ಷೆ ಮುಗಿದ ಮೇಲೆ ಕೊಡೋಣವೆಂದಿದ್ದವನು ಮರೆತೇಬಿಟ್ಟೆ. ಮರುವರ್ಷ ಅವನು ಸಂಕೋಚದಿಂದಲೇ ಬಂದು ಕೇಳಿದಾಗ ತೆಗೆದು ನೋಡಿದರೆ ಸ್ಪಂಜಿನ ಮೆತ್ತೆ ಪುಡಿಪುಡಿಯಾಗಿ ಉದುರುತ್ತಿತ್ತು. ಹುಡುಗ ಏನೂ ಹೇಳಲಿಲ್ಲ, ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ಅಪ್ಪಾ, ಇದನ್ನು ಓದುತ್ತಿದ್ದರೆ ನನಗೊಂದು ಸಾಲು ಬರೆ. ಆ ಸಾಲ ನನ್ನ ಮೇಲೆ ಇನ್ನೂ ಇದೆ.

ಇನ್ನು ನನ್ನ ಆಯ್ಕೆ. ದುಬಾರಿ ಹೆಡ್‌ಫೋನಿಗೆ ಕೊಡುವ ಹಣದ ಒಂದು ಪಾಲು ಅತಿ ಸೂಕ್ಷ್ಮವಾದ ತಾರನಾದಗಳಿಗೆ ಸಲ್ಲುತ್ತದೆ. ಶ್ರವಣ ತಜ್ಞರು ತೆಗೆದ ನನ್ನ ಕಿವಿಗಳ ನಕ್ಷೆಯಲ್ಲಿ ಗೆರೆ 4,000 ಹರ್ಟ್ಸ್ ದಾಟುತ್ತಲೇ ಇಳಿಜಾರು ಹಿಡಿದಿದೆ. ನನಗೆ ಕೇಳಿಸದ ನಾದಕ್ಕೆ ನನ್ನ ಶಿಷ್ಯ ಹಣ ಕೊಡುವುದೇಕೆ? ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ "20–20,000 ಹರ್ಟ್ಸ್" ಎಂಬುದನ್ನು ನೋಡಲೇ ಇಲ್ಲ. ಅಗ್ಗದ್ದರ ಮೇಲೂ ಅದೇ ಇರುತ್ತದೆ. ಗುಣವನ್ನು ಅದು ಹೇಳುವುದಿಲ್ಲ. ಓಮ್ ಮಾತ್ರ ನೋಡಿದೆ. 32 ಓಮ್ ಇದ್ದರೆ ಮೊಬೈಲ್ ಫೋನೇ ಸಾಕಷ್ಟು ಶಬ್ದ ಕೊಡುತ್ತದೆ.

ಅಂಗಡಿಗೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಫೋನಿನಲ್ಲಿ ತುಂಬಿಕೊಂಡು ಹೋದೆ. ಚೆನ್ನಾಗಿ ಪರಿಚಯವಿರುವ ಸಂಗೀತದಿಂದಲೇ ಪರೀಕ್ಷಿಸಬೇಕು. ಅಂಗಡಿಯ ಹುಡುಗ ಮೊದಲು ಕೊಟ್ಟದ್ದರಲ್ಲಿ ಮೃದಂಗ ಗುಡುಗುತ್ತಿತ್ತು, ಮೀಟಿದ ತಂತಿಯ ಬಾಲ ಮುಳುಗಿಹೋಗಿತ್ತು. ಮೂರನೆಯದರಲ್ಲಿ ಗಮಕ ಕೊನೆಯವರೆಗೂ ಕೇಳಿತು. ತಲೆಗೆ ಹಾಕಿಕೊಂಡು ಹದಿನೈದು ನಿಮಿಷ ಅಲ್ಲೇ ಕುಳಿತೆ. ಕನ್ನಡಕದ ಕಡ್ಡಿ ಒತ್ತಲಿಲ್ಲ. ಹಿಂಬದಿ ಮುಚ್ಚಿದ್ದನ್ನೇ ಕೊಂಡೆ, ಪಕ್ಕದಲ್ಲಿ ಮಲಗಿದವರಿಗೆ ಕೇಳಿಸಬಾರದಲ್ಲ! ತಂತಿ ಬಿಚ್ಚಿ ಬದಲಾಯಿಸುವಂಥದ್ದು, ಏಕೆಂದರೆ ಹೆಡ್‌ಫೋನುಗಳ ಮರಣ ಬಹುಪಾಲು ಪಿನ್ನಿನ ಬುಡದಲ್ಲೇ. ಬೆಲೆ 1,400 ರೂಪಾಯಿ. ಐಫೋನ್ 7 ಬಂದ 2016ರಿಂದ ತಂತಿ ಚುಚ್ಚುವ ತೂತೇ ಎಷ್ಟೋ ಫೋನುಗಳಿಂದ ಮಾಯವಾಗುತ್ತಿದೆ, ನನ್ನದರಲ್ಲೂ ಇಲ್ಲ. ಅದಕ್ಕೊಂದು ಅಡಾಪ್ಟರ್ ಬೇರೆ ಕೊಳ್ಳಬೇಕಾಯಿತು.

ಕಿರಿಯರಿಗೊಂದು ಮಾತು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದೆಂಬುದು ಕೆಲಸದ ಸ್ಥಳಗಳಿಗೆ ಬಳಸುವ ಒಂದು ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು ಕಾಲು ಗಂಟೆ.

ಮೊದಲ ರಾತ್ರಿ ಕತ್ತಲಲ್ಲಿ ಕುಳಿತು ಒಂದು ಗಂಟೆ ವೀಣೆ ಕೇಳಿದೆ. ಭುಜ ಹಿಡಿದು ಯಾರೋ ಅಲುಗಿಸಿದರು. ಹೆಡ್‌ಫೋನ್ ತೆಗೆದೆ. "ವೀಣೆಯಾದರೆ ಹೇಗೋ ತಡೆದುಕೊಳ್ಳುತ್ತಿದ್ದೆ," ಎಂದರು ಮನೆಯವರು, "ಅದರ ಜೊತೆ ನೀವು ಹಾಡುವುದನ್ನು ನಿಲ್ಲಿಸಿ."