ಕುಣಿಮಗ್ಗ ಕಲಿಸಿದ ಪಾಠ

ನಮ್ಮ ನಾಲತವಾಡದಿಂದ ಕೃಷ್ಣಾ ದಾಟಿ ದಕ್ಷಿಣಕ್ಕೆ ಹೋದ್ರ ಇಳಕಲ್ಲ. ಪೂರ್ವಕ್ಕೆ ಸುರಪುರ ಸೀಮೆಯ ಮುದನೂರು, ನೇಕಾರ ವಚನಕಾರ ಜೇಡರ ದಾಸಿಮಯ್ಯನ ಊರು. ಮನೆಯಿಂದ್ಲೇ ದುಡಿಯೋದು ಲ್ಯಾಪ್‌ಟಾಪ್ ಬಂದ ಮ್ಯಾಲಿನ ಮಾತಲ್ಲ ನೋಡ್ರಿ. ನೇಕಾರರ ಮನೆಯಲ್ಲಿ ಮಗ್ಗ, ಒಲೆ, ತೊಟ್ಟಿಲು ಎಲ್ಲಾ ಒಂದೇ ಸೂರಿನಡಿ.

ಹಂಗಾದ್ರ ಲಕ್ಷ್ಯ ಹೆಂಗ ನಿಲ್ತಿತ್ತು?

ಕುಣಿಮಗ್ಗಕ್ಕೆ ಕೂತವರು ಕಾಲು ಕುಣಿಯೊಳಗೆ ಇಳಿಬಿಡ್ತಾರ. ಕಾಲಿಂದ ತುಳಿಯೋದು, ಕೈಯಿಂದ ಲಾಳಿ ಓಡಿಸೋದು. ಮಾತುಮಾತಿಗೆ ಎದ್ದು ಹೋಗಾಕ ಆಗಲ್ಲ.

ಇಳಕಲ್ ಸೀರೆಯ ‘ತೋಪ್ ತೆನಿ’ಯಲ್ಲಂತೂ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಮನಸ್ಸು ಅತ್ತಿತ್ತ ಹೋದ್ರ ಸೆರಗೇ ಹೇಳ್ತದ. ಕೂಲಿಯೂ ಸೀರೆ ಲೆಕ್ಕದಾಗ. ಎಷ್ಟು ತಾಸು ಕುಂತಿ ಅಂತ ಯಾರೂ ಕೇಳಲ್ಲ.

ಇನ್ನೊಂದು ಮಾತು. ಕಂಡಿಕೆ ಸುತ್ತೋದು ಮನೆಮಂದಿ ಕೆಲಸ, ಹೆಚ್ಚಾಗಿ ಹೆಣ್ಮಕ್ಕಳದು. ಅವರ ಕೈ ನಿಂತ್ರ ಲಾಳಿಯೂ ನಿಂತಂಗ.

ಮನೆಯಿಂದ ವ್ಯಾಪಾರ ಶುರು ಮಾಡೋ ದೋಸ್ತರೇ, ಹೊಸ ಆ್ಯಪ್ ಹುಡುಕೋ ಮುಂಚೆ ಕೇಳ್ಕೊಳ್ರಿ: ನನ್ನ ಕುಣಿ ಯಾವುದು? ನನಗಾಗಿ ಕಂಡಿಕೆ ಸುತ್ತೋರು ಯಾರು? ಗಳಿಕೆಯಲ್ಲಿ ಅವರ ಪಾಲೆಷ್ಟು?