ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳಲ್ಲಿ ಯುದ್ಧ ಮತ್ತು ವಿದೇಶಾಂಗ ನೀತಿ

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನ ಅಧ್ಯಕ್ಷರನ್ನೇ ಸೇನೆಯ ಮಹಾದಂಡನಾಯಕರನ್ನಾಗಿ ಮಾಡಿದೆ. ಯುದ್ಧ ನಡೆದಿದೆ ಎಂಬ ಕಾರಣಕ್ಕೆ ಅಲ್ಲಿ ಅಧ್ಯಕ್ಷೀಯ ಚುನಾವಣೆ ಮುಂದೆ ಹೋದದ್ದಿಲ್ಲ. 1812, 1864, 1944ರಲ್ಲಿ ಕದನದ ನಡುವೆಯೇ ಮತದಾನ ನಡೆದಿದೆ. ಶಾಂತಿಕಾಲದಲ್ಲಿ ಮತದಾರರ ಚಿಂತೆ ಕೆಲಸ, ಬೆಲೆ, ತೆರಿಗೆಗಳದು. ಪರದೇಶಗಳ ಜೊತೆಗಿನ ವ್ಯವಹಾರ ಆ ಸಾಲಿನ ಕೊನೆಯಲ್ಲೆಲ್ಲೋ ಇರುತ್ತದೆ. ಸೈನಿಕರ ಸಾವಿನ ಸುದ್ದಿ ಊರೂರಿಗೆ ಬರತೊಡಗಿದಾಗ ಲೆಕ್ಕ ಬದಲಾಗುತ್ತದೆ. ಆಗಲೂ ಮತದಾರರು ನೀತಿಯ ವಿವರಗಳನ್ನು ತೂಗಿ ನೋಡಿದ್ದು ಕಡಿಮೆ. ಹಿಡಿದ ಕೆಲಸ ಕೈಗೂಡುತ್ತಿದೆಯೇ, ಇಲ್ಲವಾದರೆ ಯಾರ ಕೈಗೆ ಕೊಡಬೇಕು ಎಂದು ನೋಡಿದ್ದೇ ಹೆಚ್ಚು.

ಮೊದಲ ಯುದ್ಧಕಾಲದ ಚುನಾವಣೆ 1812ರದು. ಆ ಜೂನ್‌ನಲ್ಲಿ ಬ್ರಿಟನ್ ಮೇಲೆ ಯುದ್ಧ ಘೋಷಣೆಯಾಗಿತ್ತು. ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ 128 ಎಲೆಕ್ಟೋರಲ್ ಮತ ಪಡೆದು ಡಿವಿಟ್ ಕ್ಲಿಂಟನ್‌ರನ್ನು (89) ಸೋಲಿಸಿದರು. ಕಡಲ ವ್ಯಾಪಾರವನ್ನು ನಂಬಿದ್ದ ನ್ಯೂ ಇಂಗ್ಲೆಂಡ್ ಬಹುಪಾಲು ಅವರ ಕೈಬಿಟ್ಟಿತು. 1848ರ ಕಥೆ ತಮಾಷೆಯದು: ಮೆಕ್ಸಿಕೊ ಯುದ್ಧವನ್ನು ಕಟುವಾಗಿ ಟೀಕಿಸಿದ್ದ ವಿಗ್ ಪಕ್ಷ ಅದೇ ಯುದ್ಧದ ವೀರ ಜನರಲ್ ಜ್ಯಾಕರಿ ಟೇಲರ್‌ರನ್ನು ಕಣಕ್ಕಿಳಿಸಿ ಗೆದ್ದಿತು.

1864ರದು ಅಂತರ್ಯುದ್ಧವಾದರೂ ರಣರಂಗದ ಸುದ್ದಿ ಮತಪೆಟ್ಟಿಗೆಯನ್ನು ಮುಟ್ಟುವ ಬಗೆಯನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಚುನಾವಣೆ ಮತ್ತೊಂದಿಲ್ಲ. ಆ ಬೇಸಿಗೆಯಲ್ಲಿ ವರ್ಜಿನಿಯಾದಲ್ಲಿ ಸಾವುನೋವು ಮಿತಿಮೀರಿತ್ತು. ಆಗಸ್ಟ್ 23ರಂದು ಅಬ್ರಹಾಂ ಲಿಂಕನ್ ತಾವು ಸೋಲುವುದು ಬಹುಮಟ್ಟಿಗೆ ಖಚಿತ ಎಂದು ಒಂದು ಚೀಟಿಯಲ್ಲಿ ಬರೆದು, ಒಳಗೇನಿದೆ ಎಂದು ತೋರಿಸದೆ ಸಚಿವರಿಂದ ಸಹಿ ಹಾಕಿಸಿಟ್ಟರು. ಕೆಲವೇ ದಿನಗಳಲ್ಲಿ ಡೆಮಾಕ್ರಟಿಕ್ ಪಕ್ಷ ಷಿಕಾಗೊದಲ್ಲಿ ಸೇರಿ, ಯುದ್ಧ ವಿಫಲವಾಗಿದೆ, ಕದನ ನಿಲ್ಲಲಿ ಎಂದು ನಿರ್ಣಯಿಸಿತು. ಅದರ ಅಭ್ಯರ್ಥಿ, ಲಿಂಕನ್ ಹಿಂದೆ ಸೇನಾಧಿಪತ್ಯದಿಂದ ತೆಗೆದುಹಾಕಿದ್ದ ಜನರಲ್ ಜಾರ್ಜ್ ಮೆಕ್ಲೆಲನ್, ಆ ನಿರ್ಣಯವನ್ನು ಒಪ್ಪಲಿಲ್ಲ. ಅಷ್ಟರಲ್ಲಿ, ಸೆಪ್ಟೆಂಬರ್ 2ರಂದು, ದಕ್ಷಿಣದ ಬಂಡುಕೋರರ ಕೈಲಿದ್ದ ಅಟ್ಲಾಂಟಾ ಲಿಂಕನ್ ಕಡೆಯ ಜನರಲ್ ಶರ್ಮನ್‌ರ ಸೇನೆಯ ವಶವಾಯಿತು. ಲಿಂಕನ್‌ರ ನೀತಿಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಜನರ ನಂಬಿಕೆ ಬದಲಾಯಿತು. ಲಿಂಕನ್ 212–21 ಎಲೆಕ್ಟೋರಲ್ ಮತಗಳಿಂದ ಗೆದ್ದರು. ಶಿಬಿರಗಳಲ್ಲೇ ಮತ ಹಾಕಿದ ಸೈನಿಕರಲ್ಲಿ ಮುಕ್ಕಾಲು ಪಾಲು ಮಂದಿ ತಮ್ಮ ಹಳೆಯ ದಂಡನಾಯಕನನ್ನು ಬಿಟ್ಟು ಲಿಂಕನ್ ಕಡೆ ನಿಂತದ್ದು ಗಮನಾರ್ಹ.

ಇಪ್ಪತ್ತನೆಯ ಶತಮಾನದಲ್ಲಿ ಶಾಂತಿಯ ಮಾತಿನಿಂದ ಗೆದ್ದು ಯುದ್ಧಕ್ಕಿಳಿದ ಅಧ್ಯಕ್ಷರ ಸಾಲೇ ಇದೆ. 1916ರಲ್ಲಿ ವುಡ್ರೊ ವಿಲ್ಸನ್ ದೇಶವನ್ನು ಯುದ್ಧದಿಂದ ದೂರವಿಟ್ಟರು ಎಂಬುದೇ ಪಕ್ಷದ ಘೋಷಣೆ. ಕ್ಯಾಲಿಫೋರ್ನಿಯಾದಲ್ಲಿ 4,000ಕ್ಕೂ ಕಡಿಮೆ ಮತಗಳ ಅಂತರ ಅವರನ್ನು ಉಳಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. 1940ರ ಅಕ್ಟೋಬರ್ 30ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಾಸ್ಟನ್‌ನಲ್ಲಿ ತಾಯ್ತಂದೆಯರಿಗೆ, ನಿಮ್ಮ ಮಕ್ಕಳನ್ನು ಪರದೇಶದ ಯುದ್ಧಕ್ಕೆ ಕಳಿಸುವುದಿಲ್ಲ ಎಂದು ಮಾತು ಕೊಟ್ಟರು. ಕಡ್ಡಾಯ ಸೇನಾಭರ್ತಿಯ ಕಾನೂನಿಗೆ ಹಿಂದಿನ ತಿಂಗಳಷ್ಟೇ ಅವರೇ ಸಹಿ ಹಾಕಿದ್ದರು. 1964ರಲ್ಲಿ ಲಿಂಡನ್ ಜಾನ್ಸನ್ ಎದುರಾಳಿ ಗೋಲ್ಡ್‌ವಾಟರ್‌ರನ್ನು ಅಣುಯುದ್ಧ ತರುವ ಮನುಷ್ಯನೆಂದು ಬಿಂಬಿಸಿ ಶೇ. 61 ಮತ ಪಡೆದರು. ವರ್ಷ ತಿರುಗುವುದರೊಳಗೆ ಅವರ ಸೇನೆ ವಿಯೆಟ್ನಾಂನಲ್ಲಿ ನೇರವಾಗಿ ಕಾದಾಡುತ್ತಿತ್ತು.

ನಡುವೆ ಕೊರಿಯಾ. ಮುಗಿಯದ ಆ ಯುದ್ಧ ಹ್ಯಾರಿ ಟ್ರೂಮನ್‌ರ ಜನಪ್ರಿಯತೆಯನ್ನು ತಿಂದುಹಾಕಿತು; 1952ರ ನವೆಂಬರ್‌ನಲ್ಲಿ ಅವರು ಕಣದಲ್ಲೇ ಇರಲಿಲ್ಲ. ಡ್ವೈಟ್ ಐಸೆನ್‌ಹೋವರ್ ಗೆದ್ದರೆ ತಾವೇ ಕೊರಿಯಾಕ್ಕೆ ಹೋಗುವುದಾಗಿ ಹೇಳಿದರು. ಅಲ್ಲಿ ಹೋಗಿ ಮಾಡುವುದೇನೆಂದು ಹೇಳಲಿಲ್ಲ. ನಾರ್ಮಂಡಿಯ ಸೇನಾನಿ ಹೋಗುತ್ತಾನೆ ಎಂಬುದೇ ಸಾಕಾಯಿತು.

1968ರ ಫಲಿತಾಂಶವನ್ನು ಓದುವಾಗ ಎಡವಿದವರು ಬಹಳ. ವಿಯೆಟ್ನಾಂನಲ್ಲಿ ಜನವರಿಯಲ್ಲಿ ನಡೆದ ಟೆಟ್ ದಾಳಿಯ ನಂತರ, ಮಾರ್ಚ್ 12ರ ನ್ಯೂ ಹ್ಯಾಂಪ್‌ಷೈರ್ ಪ್ರೈಮರಿಯಲ್ಲಿ ಯುದ್ಧವಿರೋಧಿ ಯೂಜೀನ್ ಮೆಕಾರ್ತಿ ಶೇ. 42 ಮತ ಗಳಿಸಿದರು, ಜಾನ್ಸನ್‌ಗೆ ಶೇ. 49. ತಿಂಗಳ ಕೊನೆಗೆ ಜಾನ್ಸನ್ ಕಣದಿಂದಲೇ ಸರಿದರು. ಪತ್ರಿಕೆಗಳು ಇದನ್ನು ಶಾಂತಿಯ ಮತವೆಂದು ಬರೆದವು. ಆದರೆ ಮೆಕಾರ್ತಿಗೆ ಮತ ಹಾಕಿದವರಲ್ಲಿ ಯುದ್ಧವನ್ನು ಇನ್ನೂ ಬಿರುಸಾಗಿ ನಡೆಸಬೇಕೆಂದವರೇ ಹೆಚ್ಚಿದ್ದರು ಎಂದು ಸಮೀಕ್ಷೆಗಳ ಅಧ್ಯಯನ ತೋರಿಸಿತು. ಅವರನ್ನು ಕೂಡಿಸಿದ್ದು ಜಾನ್ಸನ್ ಮೇಲಿನ ಬೇಸರ, ಅಷ್ಟೇ. ನವೆಂಬರ್‌ನ ಮತದಾನದ ಬಗ್ಗೆ ಬೆಂಜಮಿನ್ ಪೇಜ್ ಮತ್ತು ರಿಚರ್ಡ್ ಬ್ರೋಡಿ 1972ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೊಂದು ಮುಖವನ್ನು ಕಾಣಿಸುತ್ತದೆ. ವಿಯೆಟ್ನಾಂ ಎಲ್ಲರ ಬಾಯಲ್ಲಿದ್ದರೂ ಅದರ ಬಗೆಗಿನ ನಿಲುವು ರಿಪಬ್ಲಿಕನ್ ನಿಕ್ಸನ್ ಮತ್ತು ಡೆಮಾಕ್ರಾಟ್ ಹಂಫ್ರಿ ನಡುವಿನ ಆಯ್ಕೆಯ ಮೇಲೆ ಬೀರಿದ ಪ್ರಭಾವ ಅಲ್ಪ. ಇಬ್ಬರೂ ಮಸುಕಾಗಿ ಮಾತಾಡಿದ್ದರಿಂದ ಜನರಿಗೆ ಅವರ ನಡುವೆ ಹೆಚ್ಚು ವ್ಯತ್ಯಾಸ ಕಾಣಲೇ ಇಲ್ಲ. ಮತದಾರರು ಅಜ್ಞಾನಿಗಳು ಎನ್ನುವ ಪಂಡಿತರಿಗೆ ಇದು ಒಳ್ಳೆಯ ಉತ್ತರ. ಅಕ್ಟೋಬರ್ 31ರಂದು ಜಾನ್ಸನ್ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸಿದರು. ಶಾಂತಿಮಾತುಕತೆಗೆ ಬರಬೇಡಿ, ಕಾಯಿರಿ ಎಂದು ನಿಕ್ಸನ್ ಪಾಳೆಯ ದಕ್ಷಿಣ ವಿಯೆಟ್ನಾಂನ ಸೈಗಾನ್ ಸರ್ಕಾರಕ್ಕೆ ಗುಟ್ಟಾಗಿ ಹೇಳಿಕಳಿಸಿದ್ದು ಆಮೇಲೆ ಬಯಲಾಯಿತು. ನಿಕ್ಸನ್ ಗೆದ್ದ ಅಂತರ ಶೇಕಡಾ ಒಂದಕ್ಕಿಂತ ಕಡಿಮೆ.

ಬಿಕ್ಕಟ್ಟು ಬಂದ ಕೂಡಲೇ ಜನ ಅಧ್ಯಕ್ಷರ ಬೆನ್ನಿಗೆ ನಿಲ್ಲುವುದನ್ನೂ, ಸೈನಿಕರ ಸಾವು ಏರಿದಂತೆ ಆ ಬೆಂಬಲ ಕರಗುವುದನ್ನೂ ರಾಜಕೀಯ ಶಾಸ್ತ್ರಜ್ಞ ಜಾನ್ ಮುಲ್ಲರ್ 1970ರ ದಶಕದಲ್ಲಿ ಅಂಕಿಸಂಖ್ಯೆಗಳಿಂದ ವಿವರಿಸಿದರು. 1979ರ ನವೆಂಬರ್ 4ರಂದು ಟೆಹರಾನ್ ರಾಯಭಾರ ಕಚೇರಿಯಲ್ಲಿ ಅಮೆರಿಕನ್ನರು ಒತ್ತೆಯಾಳುಗಳಾದಾಗ ಜಿಮ್ಮಿ ಕಾರ್ಟರ್‌ಗೆ ಬೆಂಬಲ ಏರಿದ್ದು, ಬಿಕ್ಕಟ್ಟು ತಿಂಗಳುಗಟ್ಟಲೆ ಎಳೆದಂತೆ ಇಳಿದದ್ದು ಇದನ್ನು ಹೋಲುತ್ತದೆ. ಅವರನ್ನು ಬಿಡಿಸಲು ಹೊರಟ ಕಾರ್ಯಾಚರಣೆ ಮರುಭೂಮಿಯಲ್ಲಿ ಎಡವಿ ಎಂಟು ಯೋಧರು ಸತ್ತರು. 1980ರ ಮತದಾನದ ದಿನ ಆ ಒತ್ತೆಸೆರೆಗೆ ಸರಿಯಾಗಿ ಒಂದು ವರ್ಷ ತುಂಬಿತ್ತು. ಹಣದುಬ್ಬರದ ಪೆಟ್ಟೂ ಸಣ್ಣದಾಗಿರಲಿಲ್ಲ. ಗೆಲುವಿನ ಋಣಕ್ಕೂ ಆಯುಷ್ಯ ಕಡಿಮೆ: 1991ರ ಕೊಲ್ಲಿ ಯುದ್ಧದ ಬೆನ್ನಲ್ಲೇ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 89 ಮೆಚ್ಚುಗೆ ಪಡೆದ ಹಿರಿಯ ಬುಷ್‌ಗೆ 1992ರಲ್ಲಿ ಸಿಕ್ಕ ಮತ ಶೇ. 37.

2004ರಲ್ಲಿ ಕಿರಿಯ ಬುಷ್ ಇರಾಕ್ ಯುದ್ಧದ ನಡುವೆಯೇ ಮರುಆಯ್ಕೆಯಾದರು. ಭಯೋತ್ಪಾದನೆಯ ಭಯ ಅವರ ಕಡೆಗಿತ್ತು. ಆದರೆ ಸಂಶೋಧಕರಾದ ಡೇವಿಡ್ ಕ್ಯಾರಲ್, ಎಡ್ವರ್ಡ್ ಮಿಗೆಲ್ ರಾಜ್ಯವಾರು ಸಾವುನೋವುಗಳನ್ನು ಮತಗಳ ಜೊತೆ ಹೋಲಿಸಿ, ಇರಾಕ್ ಬುಷ್‌ಗೆ ದೇಶದಾದ್ಯಂತ ಶೇಕಡಾ ಎರಡರಷ್ಟು ಮತದ ನಷ್ಟ ತಂದಿತೆಂದು ಅಂದಾಜಿಸಿದರು. 2008ರ ಪ್ರೈಮರಿಯಲ್ಲಿ ಇರಾಕ್ ಯುದ್ಧವನ್ನು ಮೊದಲೇ ವಿರೋಧಿಸಿದ್ದು ಬರಾಕ್ ಒಬಾಮಾಗೆ ನೆರವಾಯಿತು; ಶರತ್ಕಾಲದ ಹೊತ್ತಿಗೆ ಬ್ಯಾಂಕುಗಳ ಕುಸಿತದ ಮುಂದೆ ಇರಾಕ್ ಹಿಂದೆ ಸರಿದಿತ್ತು.

ಗಾಜಾ ಯುದ್ಧದ ವಿರುದ್ಧ 2024ರ ಫೆಬ್ರುವರಿಯಲ್ಲಿ ಮಿಷಿಗನ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಜೋ ಬೈಡನ್ ಬದಲು ಯಾರಿಗೂ ಬದ್ಧರಲ್ಲ ಎಂಬ ಮತ ಹಾಕಿದರು. ಅರಬ್ ಮೂಲದವರು ಹೆಚ್ಚಿರುವ ಡಿಯರ್‌ಬಾರ್ನ್ ನಗರ ನವೆಂಬರ್‌ನಲ್ಲಿ, ಬೈಡನ್ ಸರಿದ ಮೇಲೆ ಅಭ್ಯರ್ಥಿಯಾಗಿದ್ದ ಕಮಲಾ ಹ್ಯಾರಿಸ್‌ರ ಕೈತಪ್ಪಿತು. ಆ ರಾಜ್ಯದಲ್ಲಿ ಟ್ರಂಪ್ ಗೆದ್ದ ಅಂತರ ಸುಮಾರು 80,000 ಮತ. ಅದು ಡಿಯರ್‌ಬಾರ್ನ್ ಒಂದೇ ಕೊಡಬಲ್ಲ ಅಂತರವಲ್ಲ, ಮಿಷಿಗನ್ ಗೆದ್ದಿದ್ದರೂ ಹ್ಯಾರಿಸ್‌ಗೆ ಅಧ್ಯಕ್ಷಗಿರಿಗೆ ಬೇಕಾದ 270 ಎಲೆಕ್ಟೋರಲ್ ಮತ ಸಿಗುತ್ತಿರಲಿಲ್ಲ.